ತೆಳ್ಳನೆಯ ಮನೆಯ ಹೆಪ್ಪು

ಗಂಗಣ್ಣನ ತೂಕ ನೂರಾ ಆರು ಕೆಜಿ. ಶಿರಾ ಗೇಟಿನ ಮೆಡಿಕಲ್ ಶಾಪಿನ ಮುಂದಿದ್ದ ಯಂತ್ರ ತೋರಿಸಿದ್ದು ನೂರಾ ಆರೂಮುಕ್ಕಾಲು. ಅದರ ಮೇಲೆ ಅವನು ಹಾಗೇ ಹತ್ತುತ್ತಿರಲಿಲ್ಲ. ಚಪ್ಪಲಿ ಕಳಚಿ, ಕನ್ನಡಕ ತೆಗೆದು, ಮೊಬೈಲು, ಕೀ ಗೊಂಚಲು, ಎಲೆ ಅಡಿಕೆ ಪೊಟ್ಟಣ ಎಲ್ಲವನ್ನೂ ಅಂಗಡಿಯವನ ಕೈಗೆ ಕೊಟ್ಟು, ಒಳಗಿದ್ದ ಉಸಿರನ್ನೂ ಹೊರಕ್ಕೆ ಬಿಟ್ಟು ಹತ್ತುತ್ತಿದ್ದ. ಆ ಮುಕ್ಕಾಲು ಕೆಜಿ ಬಟ್ಟೆಯದು ಎಂದು ಅವನೇ ತೀರ್ಮಾನಿಸಿದ್ದ.

ವಯಸ್ಸು ಐವತ್ತು, ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ತಾನು ತಿನ್ನುವುದು ತೀರಾ ಕಡಿಮೆ ಎಂಬುದು ಅವನ ದೃಢವಾದ ನಂಬಿಕೆ. ಬೆಳಗ್ಗೆ ನಾಲ್ಕು ತಟ್ಟೆ ಇಡ್ಲಿ, ಹನ್ನೊಂದಕ್ಕೆ ಕಾಫಿ ಜೊತೆ ಎರಡು ವಡೆ, ಮಧ್ಯಾಹ್ನ ಊಟ, ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಬೋಂಡ, ರಾತ್ರಿ ಊಟ. ಇವುಗಳಲ್ಲಿ ತಿನ್ನುವುದು ಎಂದು ಅವನು ಒಪ್ಪುತ್ತಿದ್ದದ್ದು ಎರಡು ಊಟಗಳನ್ನು ಮಾತ್ರ. ಉಳಿದದ್ದು ಸ್ನೇಹಿತರ ಮಾತಿಗೆ ಕಟ್ಟುಬಿದ್ದು ಬಾಯಾಡಿಸಿದ್ದು.

ಹೀಗಿರುವಾಗ ಮಗಳು ಮಾಲಿನಿ ಬಿ.ಎಸ್ಸಿ. ಓದುತ್ತಿದ್ದ ಕಾಲೇಜಿನಲ್ಲಿ ಪೋಷಕರ ಸಭೆ ಬಂತು. ಮಾಲಿನಿ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಳು. ಗಂಗಣ್ಣ ಒಳಗೆ ಎರಡನೇ ಸಾಲಿನಲ್ಲಿ, ಫ್ಯಾನಿನ ನೇರಕ್ಕೆ ಕುರ್ಚಿ ಹಿಡಿದ. ವೇದಿಕೆಯ ಮೇಲೆ ಡಾಕ್ಟರ್ ಇಂಪನಾ ಎಂಬ ವಿಜ್ಞಾನಿ ಕರುಳಿನ ಬ್ಯಾಕ್ಟೀರಿಯಾ ಮತ್ತು ಬೊಜ್ಜಿನ ಬಗ್ಗೆ ಮಾತಾಡಲು ನಿಂತರು.

"ನಮ್ಮ ಕರುಳಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ವಾಸ ಮಾಡ್ತವೆ. ದಪ್ಪಗಿರೋರ ಕರುಳಲ್ಲಿರೋ ಗುಂಪು, ತೆಳ್ಳಗಿರೋರ ಕರುಳಲ್ಲಿರೋ ಗುಂಪು ಒಂದೇ ಥರ ಇರಲ್ಲ ಅಂತ ಹಲವು ಅಧ್ಯಯನಗಳು ಹೇಳ್ತವೆ. ದಪ್ಪಗಿರೋರ ಬ್ಯಾಕ್ಟೀರಿಯಾವನ್ನ ಇಲಿಗಳಿಗೆ ಹಾಕಿದಾಗ ಇಲಿಗಳಿಗೆ ಬೊಜ್ಜು ಬಂತು. ತೆಳ್ಳಗಿರೋರದನ್ನ ಹಾಕಿದ ಇಲಿಗಳು ತೆಳ್ಳಗೇ ಉಳಿದ್ವು."

ಗಂಗಣ್ಣ ನೆಟ್ಟಗೆ ಕೂತ. ಐವತ್ತು ವರ್ಷದಲ್ಲಿ ಅವನ ಪರವಾಗಿ ವಿಜ್ಞಾನ ಆಡಿದ ಮೊದಲ ಮಾತು ಅದು. ತಪ್ಪು ತನ್ನದಲ್ಲ, ಒಳಗಿನ ಬಾಡಿಗೆದಾರರದ್ದು. ಇಷ್ಟು ದೊಡ್ಡ ಸಮಾಧಾನ ಸಿಕ್ಕಿದ ಮೇಲೆ ಮನುಷ್ಯನಿಗೆ ನಿದ್ದೆ ಬರುವುದು ಸಹಜ. ತಟ್ಟೆ ಇಡ್ಲಿಯೂ ತನ್ನ ಪಾಲಿನ ಕೆಲಸ ಮಾಡಿತು. ಹದಿನೇಳು ನಿಮಿಷದ ನಂತರ ಚಪ್ಪಾಳೆಗೆ ಸ್ವಲ್ಪ ಮುಂಚೆ ಅವನಿಗೆ ಎಚ್ಚರವಾಯಿತು. "ಒಂದೇ ಮನೇಲಿ ಇರೋರು, ಒಟ್ಟಿಗೆ ಉಣ್ಣೋರು ಬ್ಯಾಕ್ಟೀರಿಯಾವನ್ನೂ ಹಂಚಿಕೊಳ್ತಾರೆ" ಎಂದು ಹೇಳಿ ಡಾಕ್ಟರು ನಮಸ್ಕಾರ ಮಾಡಿದರು.

ಗಂಗಣ್ಣ ಕೈ ಎತ್ತಿದ. "ಮೇಡಂ, ತೆಳ್ಳಗಿರೋರದನ್ನ ದಪ್ಪಗಿರೋರಿಗೆ ಹಾಕೋಕಾಗುತ್ತಾ?"

"ಒಬ್ಬರಿಂದ ಒಬ್ಬರಿಗೆ ವರ್ಗಾಯಿಸೋ ವಿಧಾನ ಇದೆ ಸರ್. ಹೇಗೆ ಅಂತ ಊಟಕ್ಕೆ ಮುಂಚೆ ಹೇಳೋದು ಬೇಡ."

ಸಭೆ ನಕ್ಕಿತು. ಊಟದ ಗಂಟೆ ಹೊಡೆಯಿತು. ವಿಧಾನ ಯಾವುದು ಎಂದು ಗಂಗಣ್ಣ ಕೇಳಲಿಲ್ಲ. ಅವನಿಗೆ ಆಗಲೇ ಹೊಳೆದಿತ್ತು.

ಅವನ ಹೆಂಡತಿ ಸರ್ವಮಂಗಳ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವಳು. ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಸರಿನ ಹೆಪ್ಪು ಕೊಟ್ಟು ಕಳಿಸಿದ್ದರು. ಇಪ್ಪತ್ಮೂರು ವರ್ಷದಿಂದ ಸರ್ವಮಂಗಳ ಒಂದು ದಿನವೂ ಬಿಡದೆ, ನಿನ್ನೆಯ ಮೊಸರಲ್ಲಿ ಒಂದಿಷ್ಟು ಉಳಿಸಿ ಇವತ್ತಿನ ಹಾಲಿಗೆ ಹಾಕುತ್ತ ಬಂದಿದ್ದಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಮೇಲೆ ತೌರುಮನೆಯವರು ಹಸು ಮಾರಿ ಪ್ಯಾಕೆಟ್ಟಿಗೆ ತಿರುಗಿದ್ದರಿಂದ ಅಲ್ಲಿನ ಹೆಪ್ಪು ನಿಂತುಹೋಗಿತ್ತು. ಆ ತಾಯಿಯ ಮೊಸರು ಎಂಬುದು ಈಗ ಎಲ್ಲಾದರೂ ಉಳಿದಿದ್ದರೆ ಅದು ಸರ್ವಮಂಗಳಳ ಅಡುಗೆಮನೆಯ ಮಣ್ಣಿನ ಕುಡಿಕೆಯಲ್ಲಿ ಮಾತ್ರ.

ಆ ಸಂಜೆ ಗಂಗಣ್ಣ ಮದುವೆಯ ಫೋಟೋ ಕೆಳಗಿಳಿಸಿ ಅಡುಗೆಮನೆಗೇ ತಂದ.

"ಮಂಗಳ, ಈ ಫೋಟೋದಾಗೆ ನಾನು ಎಷ್ಟ್ ಕೆಜಿ ಇದೀನಿ ಹೇಳು?"

"ತೂಗಿ ಮದ್ವೆ ಆಗ್ಲಿಲ್ಲ ನಾನು."

"ಐವತ್ತೆಂಟು. ಆಮೇಲೆ ಈ ಮನೇಗೆ ಏನ್ ಬಂತು?"

"ನಾನು ಬಂದೆ."

"ನಿನ್ ಜೊತೇಲಿ?"

"ಬೀರು, ಮಂಚ, ಗ್ರೈಂಡ್ರು."

"ಹೆಪ್ಪು!" ಎಂದು ಗಂಗಣ್ಣ ಕೋರ್ಟಿನಲ್ಲಿ ಸಾಕ್ಷಿ ಹಿಡಿದವನಂತೆ ಕುಡಿಕೆಯ ಕಡೆ ಬೆರಳು ತೋರಿಸಿದ. "ನಿಮ್ಮಪ್ಪಾಜಿ ತೊಂಬತ್ತೆಂಟು ಕೆಜಿ. ನಿಮ್ಮಣ್ಣ ಸಂಗಮೇಶ ನೂರಾ ಹನ್ನೆರಡು. ಅಷ್ಟ್ಯಾಕೆ, ನಿಮ್ಮನೆ ನಾಯಿ ಕಳ್ಳ ಬಂದ್ರೂ ಮಲಗಿದ್ ಕಡೆಯಿಂದ್ಲೇ ಬೊಗಳುತ್ತೆ. ಅದಕ್ಕೂ ಮೊಸರನ್ನಾನೇ ತಾನೆ ಹಾಕ್ತಿದ್ದಿದ್ದು?"

"ಅದೇ ಮೊಸರು ತಿಂದು ನಾನ್ಯಾಕೆ ಐವತ್ತೆರಡು ಕೆಜಿ ಇದೀನಿ?"

ಇದು ಯಾವ ವಿಜ್ಞಾನಿಯನ್ನಾದರೂ ನಿಲ್ಲಿಸಿ ಯೋಚಿಸುವಂತೆ ಮಾಡಬೇಕಾದ ಪ್ರಶ್ನೆ. ಗಂಗಣ್ಣ ನಿಲ್ಲಲಿಲ್ಲ. "ನಿಂಗೆ ಹುಟ್ದಾಗಿಂದ ಒಗ್ಗೋಗಿದೆ ಕಣೇ. ಬೇರೆ ಮನೆ ಹೆಪ್ಪು ತರೋಣ."

ಸರ್ವಮಂಗಳ ಸೌಟು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟು ಮಾತಾಡುವುದು ವರ್ಷಕ್ಕೆ ಒಂದೋ ಎರಡೋ ಸಲ.

"ನೋಡಿ. ಇಡ್ಲಿ ಬಿಡಿ, ಬಿಡ್ಬೇಡಿ, ನಂಗೆ ಬೇಕಿಲ್ಲ. ನಮ್ಮವ್ವನ ಹೆಪ್ಪಿನ ತಂಟೆಗೆ ಬಂದ್ರೆ ಮಾತ್ರ ನಾನು ಸುಮ್ನಿರಲ್ಲ."

ಗಂಗಣ್ಣ ಫೋಟೋವನ್ನು ಮತ್ತೆ ಮೊಳೆಗೆ ಹಾಕಿದ. ಬಹಿರಂಗವಾಗಿ ಆಗದ ಕೆಲಸವನ್ನು ಗುಟ್ಟಾಗಿ ಮಾಡುವುದು ಹೇಗೆಂದು ಇಪ್ಪತ್ತೇಳು ವರ್ಷದ ಸರ್ಕಾರಿ ನೌಕರಿ ಅವನಿಗೆ ಕಲಿಸಿತ್ತು.

ಅವನು ಕಂಡವರಲ್ಲೆಲ್ಲ ಅತಿ ತೆಳ್ಳಗಿನ ಮನುಷ್ಯ ರಾಮಾಂಜಿನಯ್ಯ. ಹಿಂದೆ ಇದೇ ಕಚೇರಿಯಲ್ಲಿದ್ದು ಈಗ ಕುಣಿಗಲ್ಲಿಗೆ ವರ್ಗವಾಗಿದ್ದವನು. ಕಚೇರಿಯ ಫ್ಯಾನ್ ಐದರಲ್ಲಿ ತಿರುಗಿದರೆ ಅವನು ಮೇಜು ಹಿಡಿದುಕೊಳ್ಳುತ್ತಾನೆ ಎಂದು ಗೆಳೆಯರು ರೇಗಿಸುತ್ತಿದ್ದರು. ಆದರೆ ಕೂತರೆ ಮೂರು ಮುದ್ದೆ. ಅವನ ಹೆಂಡತಿ ಮಂಜುಳಮ್ಮನೂ ಹಾಗೆಯೇ, ಊದುಬತ್ತಿಗೆ ಸೀರೆ ಉಡಿಸಿದಂತೆ. ಹೆಪ್ಪು ತರುವುದಾದರೆ ಆ ಮನೆಯಿಂದಲೇ ತರಬೇಕು.

ಮುಂದಿನ ಶನಿವಾರ ಕಚೇರಿಗೆ ರಜೆ ಇತ್ತು. ಹೆಂಡತಿಯ ಹತ್ತಿರ ಕಚೇರಿ ಕೆಲಸ ಎಂದು ಹೇಳಿ ಗಂಗಣ್ಣ ಕುಣಿಗಲ್ ಬಸ್ ಹತ್ತಿದ. ಖಾಲಿ ಡಬ್ಬಿ ಹಿಡಿದು ಒಬ್ಬರ ಮನೆ ಬಾಗಿಲಿಗೆ ಹೋಗುವುದು ಲಕ್ಷಣವಲ್ಲ. ಅದಕ್ಕೇ ಡಬ್ಬಿ ತುಂಬ ಮನೆಯ ಮೊಸರನ್ನೇ ಒಯ್ದ. ಕುಣಿಗಲ್ಲಿನಲ್ಲಿ ಇಳಿದು, ಕೆರೆಯ ಕಡೆಯ ಬಡಾವಣೆಗೆ ಆಟೋದವನು ಹೇಳಿದ ರೇಟು ಕೇಳಿ ಸಿಟ್ಟು ಬಂದು, ಎರಡು ಕಿಲೋಮೀಟರ್ ನಡೆದೇ ಹೋದ.

"ಏನಪ್ಪ ಗಂಗಣ್ಣ, ದಾರಿ ತಪ್ಪಿ ಬಂದ್ಯಾ?" ಎಂದ ರಾಮಾಂಜಿನಯ್ಯ.

"ನಿಮ್ಮನ್ನೆಲ್ಲ ನೋಡ್ಬೇಕು ಅನ್ನಿಸ್ತು. ಮಂಜುಳಮ್ಮ, ತಗೊಳ್ಳಿ ತಾಯಿ, ನಮ್ಮನೆ ಮೊಸರು. ಡಬ್ಬಿ ತೊಳೆದು, ನಿಮ್ಮನೆ ಹೆಪ್ಪು ಒಂದಿಷ್ಟು ಹಾಕಿಕೊಡಿ. ನಿಮ್ಮನೆ ಮೊಸರು ಭಾಳ ಚೆನ್ನಾಗಿರುತ್ತೆ ಅಂತ ಕೇಳಿದೀನಿ."

ಮಂಜುಳಮ್ಮನ ಮುಖ ಬಿಳುಚಿತು. ಅವರ ಮನೆಯಲ್ಲಿ ಹೆಪ್ಪು ಇಟ್ಟು ಮೂರು ವರ್ಷವಾಗಿತ್ತು. ದಿನವೂ ಅಂಗಡಿಯ ಪ್ಯಾಕೆಟ್ ಮೊಸರು. ಆದರೆ ಬಾಗಿಲಿಗೆ ಬಂದು ಕೇಳಿದವರಿಗೆ ಹೆಪ್ಪಿಲ್ಲ ಎನ್ನುವುದು ಹೇಗೆ? ಮನೆಯಲ್ಲಿ ಉಪ್ಪಿಲ್ಲ ಎಂದಾದರೂ ಹೇಳಬಹುದು. "ಅದಕ್ಕೇನಣ್ಣ, ಕೂತ್ಕೊಳ್ಳಿ" ಎಂದು ಒಳಗೆ ಹೋದರು. ಅಡುಗೆಮನೆಯಿಂದ ಕತ್ತರಿಯ ಕಚಕ್ ಶಬ್ದ ಕೇಳಿಸಿತು. ರಾಮಾಂಜಿನಯ್ಯ ಜೋರಾಗಿ ಕೆಮ್ಮಿದ.

ಸೊಪ್ಪಿನ ಸಾರು, ಮುದ್ದೆ, ಹುರುಳಿಕಾಳಿನ ಪಲ್ಯದ ಊಟವಾಯಿತು. ಗಂಗಣ್ಣ ಪ್ಯಾಕೆಟ್ ಮೊಸರು ತುಂಬಿದ ಡಬ್ಬಿಯನ್ನು ಎದೆಗವಚಿಕೊಂಡು ಬಸ್ ಹತ್ತಿದ. ಅವನು ಬಿಟ್ಟು ಬಂದ ಮೊಸರನ್ನು ಮಂಜುಳಮ್ಮ ನಾಲಗೆಗೆ ಹಚ್ಚಿ ನೋಡಿ, ಅಂಗಡಿಗೆ ಫೋನ್ ಮಾಡಿ ನಾಳೆಯಿಂದ ಮೊಸರು ಬೇಡ, ಹಾಲು ಮಾತ್ರ ಕಳಿಸಿ ಎಂದರು. ಆ ಸಂಜೆಯೇ ಹಾಲು ಕಾಸಿ ಅದರಲ್ಲಿ ಹೆಪ್ಪು ಹಾಕಿದರು. ಎರಡು ದಿನ ಕಳೆದು ರಾಮಾಂಜಿನಯ್ಯ ಕೇಳಿದ:

"ಇದ್ಯಾವ್ದೇ ಮೊಸರು, ಚಾಕುನಲ್ಲಿ ಕುಯ್ಯಂಗಿದೆ?"

"ಸುಮ್ನೆ ಉಣ್ಣಿ."

ಇತ್ತ ತುಮಕೂರಿನಲ್ಲಿ ಗಂಗಣ್ಣ, ಸರ್ವಮಂಗಳ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಕುಡಿಕೆಯನ್ನು ಹಿತ್ತಿಲಿಗೆ ಒಯ್ದ. ಇಪ್ಪತ್ಮೂರು ವರ್ಷ ಕರಿಬೇವಿನ ಗಿಡದ ಬುಡಕ್ಕೆ ಇಳಿದುಹೋಯಿತು. ಕುಡಿಕೆಗೆ ತೆಳ್ಳನೆಯ ಮನೆಯ ಮೊಸರು ತುಂಬಿ, ಇದ್ದ ಜಾಗದಲ್ಲೇ ಇಟ್ಟು, ಕೈ ತೊಳೆದುಕೊಂಡು ಪೇಪರ್ ಓದುತ್ತ ಕೂತ.

ಅಂಗಡಿಯ ಮೊಸರಿನಿಂದ ಹಾಕಿದ ಹೆಪ್ಪು ಎರಡು ಮೂರು ಸುತ್ತಿಗೆ ಸೋಲತೊಡಗಿತು. ಗುರುವಾರ ಬರುವಷ್ಟರಲ್ಲಿ ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುವ ಹಾಗಾಯಿತು. ತೆಳ್ಳನೆಯ ಬ್ಯಾಕ್ಟೀರಿಯಾ ಸುಸ್ತಾಗಿವೆ ಎಂದು ಗಂಗಣ್ಣ ತಿಳಿದ. ಅವುಗಳ ಕೆಲಸ ಕಷ್ಟದ್ದು, ಅವನ ಹೊಟ್ಟೆಯೂ ಸಣ್ಣದಲ್ಲ. ಹಾಗಾಗಿ ಪ್ರತಿ ಶನಿವಾರ, ಕಚೇರಿಗೆ ರಜೆ ಇಲ್ಲದಿದ್ದರೆ ರಜೆ ಹಾಕಿ, ಕುಣಿಗಲ್ಲಿಗೆ ಹೋಗಿ ಹೊಸದನ್ನು ತರುವುದು ಅಭ್ಯಾಸವಾಯಿತು. ಮಂಜುಳಮ್ಮ ಪ್ರತಿ ಶನಿವಾರ ಅವನಿಗಾಗಿಯೇ ಒಂದು ಪ್ಯಾಕೆಟ್ ತರಿಸಿಡುತ್ತಿದ್ದರು. ಅವನು ತಂದುಕೊಟ್ಟ ಮೊಸರನ್ನೇ ತಿರುಗಿ ಅವನ ಡಬ್ಬಿಗೆ ಹಾಕಿ ಕೊಟ್ಟರೆ ಮರ್ಯಾದೆ ಉಳಿಯುತ್ತದೆಯೇ?

ನೋಡಬೇಕಾದದ್ದು ಸರ್ವಮಂಗಳಳ ಪಾಡು. ಮೊದಲು ಹಾಲಿನವನನ್ನು ಬಿಡಿಸಿದಳು. ಹೊಸ ಹಾಲಿನವನ ಮೇಲೂ ಅನುಮಾನ ಬಂತು. ಕುಡಿಕೆಯನ್ನು ಹುಣಸೆಹಣ್ಣಿನಿಂದ ಉಜ್ಜಿದಳು, ಬಿಸಿಲಿಗಿಟ್ಟಳು, ಒಲೆಯ ಮೇಲೆ ಕವುಚಿ ಕಾಯಿಸಿದಳು. ಹಾಲು ಕಾಸಿ, ಆರಿಸಿ, ಬೆರಳಿಟ್ಟು ನೋಡಿ, ಮತ್ತೆ ಬೆರಳಿಟ್ಟು ನೋಡಿ ಹೆಪ್ಪು ಹಾಕಿದಳು. ಬೆಳಗ್ಗೆ ತೆಗೆದರೆ ಅದೇ ಎಳೆ.

"ರೀ, ನನ್ ಕೈಗೇ ಏನೋ ಆಗಿದೆ ಅನ್ಸುತ್ತೆ. ಅವ್ವನ ಮೊಸರು ನನ್ ಕೈಲಿ ನಿಲ್ತಿಲ್ಲ."

ಗಂಗಣ್ಣ ಪೇಪರನ್ನು ಮುಖದ ಹತ್ತಿರಕ್ಕೆ ತಂದುಕೊಂಡ. "ಹವಾಮಾನ ಕಣೇ" ಎಂದ. ಪೇಪರು ತಲೆಕೆಳಗಾಗಿತ್ತು.

ಆದರೆ ಶಿರಾ ಗೇಟಿನ ಯಂತ್ರ ಬೇರೆಯೇ ಮಾತಾಡುತ್ತಿತ್ತು. ಐದು ವಾರಕ್ಕೆ ಗಂಗಣ್ಣ ನೂರಾ ಮೂರಕ್ಕೆ ಇಳಿದ. ವಾರಕ್ಕೊಮ್ಮೆ ಕೆರೆ ಏರಿ ಬಳಸಿ ನಾಲ್ಕು ಕಿಲೋಮೀಟರ್ ನಡೆದದ್ದು, ಬಸ್ಸಿನ ಗಡಿಬಿಡಿಯಲ್ಲಿ ಬೋಂಡ ತಪ್ಪಿದ್ದು, ಸೊಪ್ಪು ಕಾಳಿನ ರುಚಿ ಹತ್ತಿ ಮನೆಯಲ್ಲೂ ಅದನ್ನೇ ಮಾಡಿಸಿಕೊಂಡದ್ದು, ಇವು ಯಾವುವೂ ಅವನ ಗಮನಕ್ಕೆ ಬರಲಿಲ್ಲ. ಸಂಶೋಧಕನಿಗೆ ಒಂದು ಕಾರಣ ಸಿಕ್ಕಿದ ಮೇಲೆ ಇನ್ನೊಂದನ್ನು ಹುಡುಕುವುದು ಸಮಯದ ದಂಡ.

ಎದುರು ಮನೆಯ ಹೊನ್ನಯ್ಯನಿಗೆ ಇದು ಹೇಗೋ ಗೊತ್ತಾಯಿತು. ಹೊನ್ನಯ್ಯ ರಿಟೈರಾದ ಬಸ್ ಕಂಡಕ್ಟರ್. ಅವನಿಗೆ ಗೊತ್ತಾದದ್ದು ಕೊನೆಯ ಸೀಟಿನವರೆಗೂ ಕೇಳಿಸುತ್ತದೆ. ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಏಳು ಜನ ಬಟ್ಟಲು ಹಿಡಿದು ನಿಂತಿದ್ದರು.

"ಗಂಗಣ್ಣ, ಒಂದೇ ಒಂದ್ ಚಮಚ. ನಮ್ ಸೊಸೆ ಬಾಣಂತನ ಆದ್ಮೇಲೆ ಇಳೀತಾನೇ ಇಲ್ಲ."

"ಯಾರೂ ನೂಕಬೇಡಿ. ಎಲ್ರಿಗೂ ಸಿಗುತ್ತೆ," ಎಂದು ಹೊನ್ನಯ್ಯ ಸಾಲು ಸರಿಮಾಡಿದ. "ಮುಂದಕ್ ಹೋಗಿ, ಮುಂದಕ್ ಹೋಗಿ, ಹಿಂದೆ ಜಾಗ ಬಿಡಿ."

ಮೂಲೆಯ ಅಂಗಡಿಯ ಮುತ್ತುರಾಜ್ ಬಂದು ಗಂಗಣ್ಣನ ಮುಂದೆ ನಿಂತ. "ಅಣ್ಣ, ನೀವ್ ಕುಣಿಗಲ್ ಹೆಪ್ಪು ಹಂಚ್ತೀರ ಅಂತ ಸುದ್ದಿ ಆದ್ಮೇಲೆ ನನ್ ಅಂಗಡಿ ಮೊಸರು ಯಾರೂ ಕೇಳ್ತಿಲ್ಲ. ಹಂಗೇ ಉಳೀತಿವೆ ಪ್ಯಾಕೆಟ್‌ಗಳು."

"ಪ್ಯಾಕೆಟ್ ಮೊಸರಿಗೂ ಇದಕ್ಕೂ ಹೋಲಿಸ್ಬೇಡ ಮುತ್ತು. ವಾಸನೇಲೇ ಗೊತ್ತಾಗುತ್ತೆ."

ಮುತ್ತುರಾಜ್ ಡಬ್ಬಿ ಮೂಸಿದ. ದಿನವೂ ಅದೇ ವಾಸನೆಯಲ್ಲಿ ಬದುಕುವವನಿಗೆ ಅದು ಎಲ್ಲೋ ಪರಿಚಯ ಎನ್ನಿಸಿತು. ಆದರೂ ಏಳು ಜನರ ಎದುರು ಹಾಗೆ ಹೇಳಲು ಧೈರ್ಯ ಸಾಲದೆ ಅವನೂ ಬಟ್ಟಲು ಚಾಚಿದ. ಇಡೀ ಬೀದಿಗೆ ಗೊತ್ತಿದ್ದ ಈ ವಿಷಯ ಸರ್ವಮಂಗಳಳಿಗೆ ಮಾತ್ರ ಗೊತ್ತಿರಲಿಲ್ಲ.

ಆರನೇ ವಾರ ಸಿ.ಎಸ್. ಪುರದಿಂದ ಸಂಗಮೇಶನ ಫೋನ್ ಬಂತು. ಶನಿವಾರ ತಾಯಿಯ ಪುಣ್ಯಸ್ಮರಣೆ. "ಮಂಗಳ, ಎಡೆಗೆ ಅವ್ವನ ಮೊಸರೇ ಬೇಕು ಅಂತಿದಾರೆ ಅಪ್ಪಾಜಿ. ನಮ್ಮನೇಲಿ ಹೆಪ್ಪು ಹೋಯ್ತಲ್ಲ. ನೀನು ಶುಕ್ರವಾರವೇ ತಗೊಂಡ್ ಬಾ."

ಶುಕ್ರವಾರ ಮೂವರೂ ಹೋದರು. ಸರ್ವಮಂಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಈಸಲ ಸರಿಯಾಗಿದೆ, ಈಸಲ ಅಷ್ಟು ಎಳೆ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಕೂತಾಗ ತಂದೆಯ ತಟ್ಟೆಗೆ ತಾನೇ ಬಡಿಸಿದಳು. ಆ ಮುದುಕರು ಒಂದು ತುತ್ತು ಕಲಸಿ ಬಾಯಿಗಿಟ್ಟು, ನಿಧಾನವಾಗಿ ನುಂಗಿ, ಕೈಯನ್ನು ತಟ್ಟೆಯ ಅಂಚಿಗಿಟ್ಟರು.

"ಇದು ನಮ್ಮನೇದಲ್ಲ ಕಣವ್ವ."

ಹಜಾರದಲ್ಲಿದ್ದ ಎಂಟು ಹತ್ತು ನೆಂಟರು ಉಣ್ಣುವುದನ್ನು ನಿಲ್ಲಿಸಿದರು. ಸರ್ವಮಂಗಳಳ ಕಣ್ಣು ತುಂಬಿತು. "ನನ್ ಕೈಲೇ ಕೆಟ್ಟೋಯ್ತು ಅಪ್ಪಾಜಿ. ಎಷ್ಟ್ ಮಾಡಿದ್ರೂ ಬರ್ಲಿಲ್ಲ."

ಗಂಗಣ್ಣ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. ಅವನು ಗಲಿಬಿಲಿಯ ಮನುಷ್ಯನೇ ಹೊರತು ಕೆಟ್ಟವನಲ್ಲ. "ಮಾವ, ಅವಳದ್ದೇನೂ ತಪ್ಪಿಲ್ಲ," ಎಂದ. "ನಾನೇ ಬದಲಾಯಿಸ್ದೆ."

"ಏನ್ ಬದಲಾಯಿಸಿದ್ರಿ ಭಾವ?" ಎಂದ ಸಂಗಮೇಶ.

"ಹೆಪ್ಪು. ನಿಮ್ಮನೇದು ಚೆಲ್ಲಿ ತೆಳ್ಳಗಿರೋರ ಮನೇದು ತಂದೆ. ವಿಜ್ಞಾನ ಹೇಳಿದೆ. ಡಾಕ್ಟರೇ ಹೇಳಿದಾರೆ."

ಮಾಲಿನಿ ತಲೆ ಎತ್ತಿದಳು. "ಯಾವ್ ಡಾಕ್ಟರ್? ನಮ್ ಕಾಲೇಜಿಗೆ ಬಂದಿದ್ರಲ್ಲ ಅವ್ರಾ? ಆ ಭಾಷಣದ ವಿಡಿಯೋ ಇವತ್ ಬೆಳಗ್ಗೆ ಕಾಲೇಜ್ ಗ್ರೂಪಿಗೆ ಹಾಕಿದಾರಪ್ಪ." ಅವಳು ಮೊಬೈಲನ್ನು ಸಾರಿನ ಪಾತ್ರೆಗೆ ಒರಗಿಸಿ ನಿಲ್ಲಿಸಿದಳು. ನೆಂಟರು ತಟ್ಟೆ ಸಮೇತ ಹತ್ತಿರ ಸರಿದರು.

ಡಾಕ್ಟರ್ ಇಂಪನಾ ಹೇಳುತ್ತಿದ್ದರು: "ಆದ್ರೆ ಇಲಿಗಳು ಮನುಷ್ಯರಲ್ಲ. ಜನರ ಮೇಲೆ ಇದೇ ಥರ ಮಾಡಿ ನೋಡಿದಾಗ ತೂಕ ಹೇಳಿಕೊಳ್ಳೋ ಹಾಗೆ ಇಳೀಲಿಲ್ಲ. ಅವಸರದ ತೀರ್ಮಾನಕ್ಕೆ ಬರಬೇಡಿ."

ಘೊರ್ರ್, ಎಂದಿತು ವಿಡಿಯೋ.

"ಅದೇನ್ ಶಬ್ದ?" ಎಂದ ಸಂಗಮೇಶ.

"ಮೊಸರು ತಿಂದ್ರೆ ತೆಳ್ಳಗಾಗ್ತೀವಿ ಅಂತಾನೂ ಅಲ್ಲ. ಮೊಸರಿನ ಬ್ಯಾಕ್ಟೀರಿಯಾ ಹೆಚ್ಚಿನವು ಬಂದು ಹೋಗೋ ನೆಂಟರು, ಕರುಳಲ್ಲಿ ನೆಲೆ ನಿಲ್ಲಲ್ಲ." ಘೊರ್ರ್. "ನೀವೇನ್ ತಿಂತೀರೋ ಅದನ್ನೇ ನಿಮ್ಮ ಬ್ಯಾಕ್ಟೀರಿಯಾನೂ ತಿನ್ನೋದು. ಸೊಪ್ಪು, ಕಾಳು, ರಾಗಿ ಕೊಟ್ರೆ ಒಂದು ಥರದವು ಬೆಳೀತವೆ. ಬರೀ ಕರಿದದ್ದು, ಸಿಹಿ ಕೊಟ್ರೆ..." ಘೊರ್ರ್ರ್ರ್.

ಕ್ಯಾಮೆರಾ ನಿಧಾನವಾಗಿ ತಿರುಗಿ ಎರಡನೇ ಸಾಲಿನಲ್ಲಿ ನಿಂತಿತು. ಫ್ಯಾನಿನ ನೇರಕ್ಕೆ ಗಂಗಣ್ಣ ಬಾಯಿ ತೆರೆದು ಮಲಗಿದ್ದ.

ಯಾರೂ ನಗಲಿಲ್ಲ. ಸರ್ವಮಂಗಳಳ ಮುಖ ನೋಡಿದವರಿಗೆ ನಗುವ ಧೈರ್ಯ ಬರಲಿಲ್ಲ. ಅವಳು ಕೈ ಕೂಡ ತೊಳೆಯದೆ ಎದ್ದು ಕೇಳಿದಳು: "ಯಾರ ಮನೇದು ತಂದ್ರಿ?"

"ಕುಣಿಗಲ್ಲು. ರಾಮಾಂಜಿನಯ್ಯನ ಮನೆ."

"ಫೋನ್ ಹಚ್ಚಿ."

ಸ್ಪೀಕರಿನಲ್ಲಿ ಮಂಜುಳಮ್ಮನ ದನಿ ಬಂತು. "ಹೇಳಿ ಅಣ್ಣ, ನಾಳೆ ಬರಲ್ವಾ?"

"ನಾ ಅವ್ರ ಹೆಂಡ್ತಿ ಕಣಮ್ಮ. ಆರು ವಾರದಿಂದ ನಿಮ್ಮನೆ ಹೆಪ್ಪು ಅಂತ ಕೊಟ್ರಲ್ಲ, ಎಳೆ ಎಳೆಯಾಗಿ ಬರುತ್ತಲ್ಲ, ಅದೇನಮ್ಮ ಅದು?"

ಆ ಕಡೆಯಿಂದ ಮಂಜುಳಮ್ಮ ಗೋಳೋ ಎಂದರು. "ತಪ್ಪಾಯ್ತು ಕಣಕ್ಕ. ನಮ್ಮನೇಲಿ ಹೆಪ್ಪೇ ಇರ್ಲಿಲ್ಲ. ಅಣ್ಣ ಬಾಗ್ಲಿಗ್ ಬಂದು ಕೇಳ್ದಾಗ ಇಲ್ಲ ಅನ್ನೋಕ್ ಬಾಯಿ ಬರ್ಲಿಲ್ಲ. ಪ್ಯಾಕೆಟ್ ಮೊಸರು ಹಾಕ್ಕೊಟ್ಟೆ."

"ಪ್ಯಾಕೆಟ್ಟಾ?" ಎಂದ ಗಂಗಣ್ಣ. ಆ ಒಂದು ಮಾತಿನಲ್ಲಿ ಆರು ಶನಿವಾರ, ಪಾರ್ಕಿನ ಸಾಲು ಮತ್ತು ಮುತ್ತುರಾಜನ ಮೂಗು ಎಲ್ಲವೂ ಇದ್ದವು.

"ನಿಮ್ಮನೇದಂತೂ ಬಂಗಾರದಂತ ಹೆಪ್ಪು ಅಕ್ಕ," ಎಂದು ಮಂಜುಳಮ್ಮ ಮೂಗು ಒರೆಸಿಕೊಂಡರು. "ಮೊದಲನೇ ಸಲ ಅಣ್ಣ ತಂದ್ಕೊಟ್ರಲ್ಲ, ಅವತ್ತಿಂದ ದಿನಾ ಅದ್ರಲ್ಲೇ ಹಾಕ್ತಿದೀನಿ. ಒಂದಿನಾನೂ ಬಿಟ್ಟಿಲ್ಲ."

ಸಂಗಮೇಶ ಕಾರಿನ ಕೀ ತೆಗೆದುಕೊಂಡ.

ಹೊರಡುವಷ್ಟರಲ್ಲಿ ಅತ್ತಿಗೆ ಕಾಫಿ ಎಂದರು, ಚಿಕ್ಕಪ್ಪ ತಾನೂ ಬರುತ್ತೇನೆಂದು ಹತ್ತಿ ಜಾಗ ಸಾಲದೆ ಇಳಿದರು. ದಾರಿಯಲ್ಲಿ ಗಂಗಣ್ಣ ಮುಂದಿನ ಸೀಟಿನಲ್ಲಿ ತನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದ. ಹಿಂದೆ ಮಾಲಿನಿಯ ಪಕ್ಕದಲ್ಲಿದ್ದ ಸರ್ವಮಂಗಳ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಬೈದರೆ ಒಳ್ಳೆಯದಿತ್ತು ಎಂದು ಅವನಿಗೆ ಮೂರು ಸಲ ಅನ್ನಿಸಿತು.

ಕುಣಿಗಲ್ ತಲುಪಿದಾಗ ಮಂಜುಳಮ್ಮ ತುಳಸಿಯ ಮುಂದೆ ದೀಪ ಹಚ್ಚಿ ಏಳುತ್ತಿದ್ದರು. ಬಂದವರನ್ನು ಕೂರಿಸಿ, ಸರ್ವಮಂಗಳಳ ಎರಡೂ ಕೈ ಹಿಡಿದು, ಒಳಗಿನಿಂದ ಮೊಸರಿನ ಪಾತ್ರೆ ತಂದು ಮುಚ್ಚಳ ತೆಗೆದು ತೋರಿಸಿದರು. ಅಲ್ಲಾಡಿಸಿದರೂ ಅಲುಗದ ಮೊಸರು. ಸಂಗಮೇಶ ಡಬ್ಬಿ ಚಾಚಿದ. ಮಂಜುಳಮ್ಮ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಇವತ್ ಕೊಡಂಗಿಲ್ಲ ಅಣ್ಣ. ಶುಕ್ರವಾರ. ಮೇಲಾಗಿ ದೀಪ ಹಚ್ಚಾಯ್ತು. ಹೆಪ್ಪು ಹೊಸ್ತಿಲು ದಾಟಂಗಿಲ್ಲ."

"ನಮ್ಮವ್ವಂದೇ ತಾನೆ ಇದು?"

"ನಿಮ್ಮವ್ವಂದೇ. ಹೊಸ್ತಿಲು ಮಾತ್ರ ನಮ್ದು."

"ಏಯ್, ಹೆಪ್ಪಿಲ್ದಿದ್ ಮನೇಗೆ ಈಗ ಶಾಸ್ತ್ರ ಬಂತಾ?" ಎಂದ ರಾಮಾಂಜಿನಯ್ಯ.

"ಇರ್ಲಿಲ್ಲ, ಅದಕ್ಕೇ ಶಾಸ್ತ್ರ ಇರ್ಲಿಲ್ಲ. ಈಗ ಇದೆ."

ಗಂಗಣ್ಣನಿಗೆ ಆ ದಿನದ ಕೊನೆಯ ಆಲೋಚನೆ ಬಂತು. "ಕೊಡೋದ್ ತಾನೆ ತಪ್ಪು? ಬಡಿಸೋದ್ ತಪ್ಪಲ್ವಲ್ಲ. ನಾನು ಹೊಟ್ಟೆ ತುಂಬ ತಿಂದ್ಕೊಂಡ್ ಬರ್ತೀನಿ. ಬ್ಯಾಕ್ಟೀರಿಯಾ ಒಳಗೇ ಕೂತ್ಕೊಂಡ್ ಬರುತ್ತೆ."

ಸರ್ವಮಂಗಳ ಐದು ಗಂಟೆಗಳ ನಂತರ ಅವನೊಡನೆ ಮೊದಲ ಮಾತು ಆಡಿದಳು. "ಆಮೇಲೆ ಅದನ್ನ ಹೊರಗೆ ತೆಗಿಯೋದು ಹೆಂಗೆ? ಎಡೆಗೆ ಇಡ್ಬೇಕು ಅದನ್ನ."

ಮಾಲಿನಿ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಕುಲುಕುತ್ತಿತ್ತು. ಡಾಕ್ಟರು ಊಟಕ್ಕೆ ಮುಂಚೆ ಹೇಳದೆ ಬಿಟ್ಟ ವಿಧಾನ ಒಬ್ಬರ ಹೊಟ್ಟೆಯಿಂದ ಹೊರಬಿದ್ದದ್ದನ್ನೇ ಇನ್ನೊಬ್ಬರಿಗೆ ದಾಟಿಸುವುದು ಎಂದು ಅವಳಿಗೆ ಗೊತ್ತಿತ್ತು.

"ಮಂಜುಳಮ್ಮ ಹೇಳೋದು ಸರಿ," ಎಂದಳು ಸರ್ವಮಂಗಳ. "ನಾನಾಗಿದ್ರೂ ಕೊಡ್ತಿರ್ಲಿಲ್ಲ. ಬೆಳಗ್ಗೆ ತಗೊಂಡ್ ಹೋಗೋಣ."

ಅಲ್ಲೇ ಉಳಿದರು. ಮುದ್ದೆ, ಸೊಪ್ಪಿನ ಸಾರು. ಕೊನೆಗೆ ಮೊಸರು ಬಂತು. ಸರ್ವಮಂಗಳ ಬೆರಳಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಹಾಕಿಕೊಂಡು, ಬೆರಳನ್ನು ಮತ್ತೆ ಮೊಸರಿಗೆ ಅದ್ದಿದಳು. ಮಂಜುಳಮ್ಮ ಏನೂ ಕೇಳದೆ ಇನ್ನೊಂದು ಸೌಟು ಬಡಿಸಿದರು.

"ಗಂಗಣ್ಣ, ಆರು ವಾರದಿಂದ ನಿಮ್ ದಪ್ಪ ಮೊಸರು ಉಣ್ತಿದೀವಲ್ಲಪ್ಪ," ಎಂದ ರಾಮಾಂಜಿನಯ್ಯ. "ಮೊನ್ನೆ ಬೆಲ್ಟಿಗೆ ಇನ್ನೊಂದ್ ತೂತು ಹೊಡಿಸ್ದೆ. ಒಳಗಡೆಗೆ, ಬಿಗಿ ಮಾಡ್ಕೊಳ್ಳೋಕೆ."

ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಹೆಪ್ಪು ಹೊಸ್ತಿಲು ದಾಟಿತು. ಸಂಗಮೇಶ ಪ್ರತಿ ರೋಡ್ ಹಂಪಿಗೂ ಕಾರು ನಿಲ್ಲಿಸಿ, ದೇವರ ಹೆಸರು ಹೇಳಿ ದಾಟಿಸಿದ. ಎಡೆಯಾಯಿತು. ತಂದೆಯ ತಟ್ಟೆಗೆ ಸರ್ವಮಂಗಳ ಮತ್ತೆ ತಾನೇ ಬಡಿಸಿ ನಿಂತಳು. ಅವರು ತುತ್ತು ಬಾಯಿಗಿಟ್ಟರು. ನುಂಗಿದರು. ಎಡಗೈಯಿಂದ ಪಾತ್ರೆಯನ್ನೇ ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ಅಪ್ಪಾಜಿ, ಬೇರೆಯವ್ರೂ ಇದಾರೆ," ಎಂದ ಸಂಗಮೇಶ.

"ಅವ್ರಿಗೆ ಪ್ಯಾಕೆಟ್ ಹಾಕು."

ಆಗ ಎಲ್ಲರೂ ನಕ್ಕರು. ನಿನ್ನೆ ನಗದೆ ಉಳಿಸಿಕೊಂಡಿದ್ದದ್ದನ್ನೂ ಸೇರಿಸಿ ನಕ್ಕರು. ಭಾವನವರ ಗೊರಕೆಯನ್ನು ಯಾರೋ ಫೋನಿನ ರಿಂಗ್‌ಟೋನ್ ಮಾಡಿಕೊಂಡರು.

ಹೊರಡುವ ಮುಂಚೆ ಸರ್ವಮಂಗಳ ಅತ್ತಿಗೆಗೆ ಒಂದು ಡಬ್ಬಿ ಹೆಪ್ಪು ಕೊಟ್ಟಳು. ತುಮಕೂರಿಗೆ ಬಂದು ಹೊನ್ನಯ್ಯನ ಮನೆಗೆ ಒಂದು, ಮುತ್ತುರಾಜನ ಹೆಂಡತಿಗೆ ಒಂದು ಕೊಟ್ಟಳು. "ಒಂದೇ ಕುಡಿಕೇನ ನಂಬ್ಕೊಂಡು ಇನ್ನು ಕೂರಲ್ಲ ನಾನು," ಎಂದಳು. ಆಮೇಲೆ ಗಂಗಣ್ಣನನ್ನು ಅಡುಗೆಮನೆಗೆ ಕರೆದಳು.

"ಇವತ್ತಿಂದ ಹೆಪ್ಪು ಹಾಕೋ ಕೆಲಸ ನಿಮ್ದು. ದಿನಾ."

ಗಂಗಣ್ಣ ಕೈ ತೊಳೆದು ಬಂದ. ಹಾಲಿನಲ್ಲಿ ಬೆರಳಿಟ್ಟು ಚುರ್ ಎಂದು ತೆಗೆದ. ಕಾದ. ಮತ್ತೆ ಇಟ್ಟ. "ಈಗ ಸರಿಯಾಗಿದ್ಯಾ? ಹೆಪ್ಪು ಎಷ್ಟ್ ಹಾಕ್ಲಿ?"

"ಅವ್ವ ಹಾಕ್ತಿದ್ದಷ್ಟು."

"ಅದೆಷ್ಟು?"

ಸರ್ವಮಂಗಳ ತೋರುಬೆರಳಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದಳು. ಒಂದು ಅವರೆಕಾಳಿನಷ್ಟು. ಗಂಗಣ್ಣ ಅಷ್ಟೇ ಹಾಕಿ, ನಿಧಾನವಾಗಿ ಕದಡಿ, ಕುಡಿಕೆಗೆ ತಟ್ಟೆ ಮುಚ್ಚಿದ.

"ಬೆಳಗ್ಗೆಗೆ ಆಗುತ್ತಾ?"

"ಅಲ್ಲಾಡಿಸ್ದೆ ಬಿಟ್ರೆ ಆಗುತ್ತೆ."

ಗಂಗಣ್ಣ ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ, ತುದಿಗಾಲಲ್ಲಿ ಅಡುಗೆಮನೆಯಿಂದ ಹೊರಗೆ ಹೋದ. ನೂರಾ ಮೂರು ಕೆಜಿಯ ಆ ಮನುಷ್ಯ ಅಷ್ಟು ಹಗುರಾಗಿ ನಡೆದದ್ದನ್ನು ಸರ್ವಮಂಗಳ ಅವತ್ತೇ ಮೊದಲು ನೋಡಿದ್ದು.